ನೀವು ಕೇಳಿದ್ರಿ ಅಂತ ಹೇಳ್ದೆ

ನಮ್ಮಲ್ಲೊಬ್ಬನ ತಾಯಿಗೆ ಈ ಕೆಲಸದ ಹೆಸರು ಹೇಳಿದಾಗ ಅವರು ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ಫಿಕ್ಸರ್ ಅಂದ್ರೆ ಕ್ರಿಕೆಟ್ಟಲ್ಲಿ ದುಡ್ಡು ತಗೊಂಡು ಸಿಕ್ಕಿಬೀಳ್ತಾರಲ್ಲ, ಅದಾ? ಅದಕ್ಕಾ ನಿನ್ನ ಎಂ.ಎ. ಓದಿಸಿದ್ದು?" ಅಲ್ಲಮ್ಮಾ ಎಂದು ಬಿಡಿಸಿ ಹೇಳಲು ಅರ್ಧ ಗಂಟೆ ಬೇಕಾಯಿತು. ಎಲ್ಲ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟೇ: "ಅಂದ್ರೆ ಬ್ರೋಕರ್ ಕೆಲಸ."

ಆವತ್ತು ಮೂವರೂ ನಕ್ಕಿದ್ದೆವು. ಈಗ ಅಷ್ಟು ನಗು ಬರುವುದಿಲ್ಲ. ಯಾಕೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ಕೆಲಸ ಏನು ಅಂತ ತಿಳಿಸುತ್ತೇವೆ. ಹೊರದೇಶದ ಸಿನಿಮಾ ತಂಡವೋ ಸಾಕ್ಷ್ಯಚಿತ್ರದ ತಂಡವೋ ಗೊತ್ತಿಲ್ಲದ ನಾಡಿಗೆ ಶೂಟಿಂಗಿಗೆ ಹೋಗುವಾಗ ಅಲ್ಲಿಯವರನ್ನೇ ಕೆಲಸಕ್ಕೆ ತೆಗೆದುಕೊಳ್ಳುತ್ತದೆ. ಜಾಗ ತೋರಿಸಬೇಕು, ಕಾರು ಡ್ರೈವರ್ ಲಾಡ್ಜು ಗೊತ್ತು ಮಾಡಬೇಕು, ಪೊಲೀಸ್ ಠಾಣೆಗೂ ಪಂಚಾಯ್ತಿಗೂ ಹೇಳಿಬರಬೇಕು, ಜನರನ್ನು ಮಾತಿಗೆ ಒಪ್ಪಿಸಬೇಕು, ಅವರು ಆಡಿದ್ದನ್ನು ಇಂಗ್ಲಿಷಿಗೆ ತಿರುಗಿಸಬೇಕು. ದೊಡ್ಡ ಸಿನಿಮಾಗಳಲ್ಲಿ ಇದನ್ನೆಲ್ಲ ನೋಡಿಕೊಳ್ಳುವವರಿಗೆ ಲೈನ್ ಪ್ರೊಡ್ಯೂಸರ್ ಅಂತಾರೆ. ಅವರ ಕೆಳಗೆ ಪ್ರೊಡಕ್ಷನ್ ಕೋಆರ್ಡಿನೇಟರ್ ಇರುತ್ತಾರೆ. ನಮ್ಮಂಥ ಊರಿನವರಿಗೆ ಬರುವ ಹೆಸರು ಲೋಕಲ್ ಕೋಆರ್ಡಿನೇಟರ್. ಪತ್ರಕರ್ತರ ಬಾಯಲ್ಲಿ ಫಿಕ್ಸರ್.

ಕೆಲಸ ಹೊಸದೇನಲ್ಲ. 1937ರಲ್ಲಿ ತೆರೆಗೆ ಬಂದ 'ಎಲಿಫೆಂಟ್ ಬಾಯ್' ಎಂಬ ಇಂಗ್ಲಿಷ್ ಸಿನಿಮಾಕ್ಕಾಗಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕರು ಮೈಸೂರು ಸೀಮೆಯ ಕಾಡಿನಲ್ಲಿ ಚಿತ್ರೀಕರಣ ನಡೆಸಿದ್ದರು. ಅದರಲ್ಲಿ ನಟಿಸಿದ ಕಾರಾಪುರದ ಮಾವುತರ ಮನೆಯ ಹುಡುಗ ಸಾಬು ಮುಂದೆ ಹಾಲಿವುಡ್ಡಿಗೆ ಹೋಗಿ ದೊಡ್ಡ ಹೆಸರು ಮಾಡಿದ. 1984ರಲ್ಲಿ ಬಂದ ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ'ದಲ್ಲಿ ಕಾಣುವ ಬಂಡೆಬೆಟ್ಟಗಳು ನಮ್ಮ ಸಾವನದುರ್ಗ ಮತ್ತು ರಾಮನಗರದವು. ನಮ್ಮವರೂ ಹೊರಗೆ ಹೋಗಿದ್ದಾರೆ. 1978ರ 'ಸಿಂಗಾಪುರದಲ್ಲಿ ರಾಜಾ ಕುಳ್ಳ' ನಿಮಗೆ ಗೊತ್ತೇ ಇದೆ. ಈ ಒಂದೊಂದು ಶೂಟಿಂಗಿನಲ್ಲೂ ನಡುವೆ ನಿಂತು ಎರಡೂ ಕಡೆಯವರ ಜೊತೆ ಮಾತಾಡಿದ ಸ್ಥಳೀಯರು ಯಾರೋ ಇದ್ದಿರಲೇಬೇಕು. ಕಾರಾಪುರದ ಮಾವುತರಿಗೆ ಕ್ಯಾಮೆರಾ ಎಂದರೇನು, ಆ ಹುಡುಗನನ್ನು ಎಲ್ಲಿಗೆ ಕರೆದೊಯ್ಯುತ್ತಾರೆ ಎಂದು ಬಿಡಿಸಿ ಹೇಳಿದವರು ಯಾರು, ಹೇಗೆ ಹೇಳಿದರು ಎಂದು ನಾವು ಈಗ ಆಗಾಗ ಯೋಚಿಸುತ್ತೇವೆ.

ನಮಗೆ ಈ ಕೆಲಸ ಸಿಕ್ಕಿದ್ದು 2023ರ ಮಾರ್ಚಿನಲ್ಲಿ. ಯುರೋಪಿನ ಒಂದು ತಂಡ ಕೋಲಾರದ ನೀರಿನ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿತ್ತು. ಅವರಿಗೆ ಇದು ಹೇಳಿ ಮಾಡಿಸಿದ ಕಥೆ. ಸದಾ ಹರಿಯುವ ನದಿ ಇಲ್ಲದ ಜಿಲ್ಲೆ, ಸಾವಿರ ಅಡಿ ದಾಟಿದರೂ ನೀರು ಸಿಗದ ಬೋರ್‌ವೆಲ್‌ಗಳು, ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ 2018ರಿಂದ ಇಲ್ಲಿನ ಕೆರೆಗಳಿಗೆ ಹರಿಸುತ್ತಿರುವ ಕೆ.ಸಿ. ವ್ಯಾಲಿ ಯೋಜನೆ. ಅವರಿಗೆ ಬೇಕಾಗಿದ್ದದ್ದು ಕನ್ನಡ, ತೆಲುಗು, ಇಂಗ್ಲಿಷ್ ಮೂರೂ ಬರುವ ಊರಿನವರು. ನಮ್ಮ ಗಡಿ ಸೀಮೆಯಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇಂಗ್ಲಿಷು ತಟ್ಟಿಮುಟ್ಟಿ ಕಲಿತಿದ್ದೆವು. ಕಾಲೇಜಿನ ಮೇಷ್ಟ್ರೊಬ್ಬರು ನಮ್ಮ ನಂಬರ್ ಕೊಟ್ಟರು.

ಕೊಟ್ಟಿದ್ದು ನೇರ ಆ ತಂಡಕ್ಕಲ್ಲ. ತಂಡದವರು ದೆಹಲಿಯ ಒಂದು ಕಂಪನಿಯನ್ನು ಗೊತ್ತು ಮಾಡಿಕೊಂಡಿದ್ದರು, ಆ ಕಂಪನಿ ಬೆಂಗಳೂರಿನ ಒಬ್ಬರನ್ನು, ಬೆಂಗಳೂರಿನವರು ನಮ್ಮನ್ನು. ಮೂವರಿಗೂ ಸೇರಿ ದಿನಕ್ಕೆ ಆರು ಸಾವಿರ ರೂಪಾಯಿ ಎಂದರು. ತಾಲ್ಲೂಕು ವರದಿಗಾರನಿಗೆ ಒಂದು ಸುದ್ದಿಗೆ ಎಷ್ಟು ಸಿಗುತ್ತದೆ ಎಂದು ಗೊತ್ತಿದ್ದ ನಮಗೆ ಅದು ಹಬ್ಬ. ಕಾಗದ ಏನೂ ಮಾಡಿಕೊಳ್ಳಲಿಲ್ಲ. ವಾಟ್ಸಾಪಿನಲ್ಲಿ "ಓಕೆ ಸರ್" ಎಂದು ಕಳಿಸಿದ್ದೇ ನಮ್ಮ ಒಪ್ಪಂದ.

ಕಾಗದಪತ್ರ ಎಷ್ಟು ಬೇಕು ಎಂದು ಗೊತ್ತಾಗಿದ್ದು ಆಮೇಲೆ. ಹೊರದೇಶದವರು ಟೂರಿಸ್ಟ್ ವೀಸಾದಲ್ಲಿ ಬಂದು ಸಾಕ್ಷ್ಯಚಿತ್ರ ತೆಗೆಯುವಂತಿಲ್ಲ. ಅವರ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕಿ, ವಿದೇಶಾಂಗ ಸಚಿವಾಲಯದ ಒಪ್ಪಿಗೆ ಪಡೆದು, ಅದಕ್ಕೆ ತಕ್ಕ ವೀಸಾದಲ್ಲಿ ಬರಬೇಕು. ಕಥೆ ಇರುವ ಸಿನಿಮಾ ಆದರೆ ದಾರಿ ಬೇರೆ, ಅದು ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕಡೆಯದು. ಇದೇ ಕೆಲಸಕ್ಕೆಂದು 2015ರಲ್ಲಿ ಒಂದು ಕಚೇರಿಯನ್ನೂ ತೆರೆದಿದ್ದಾರೆ. ಅರಣ್ಯದಲ್ಲಿ ಶೂಟಿಂಗ್ ಆದರೆ ಅರಣ್ಯ ಇಲಾಖೆ, ಹಳೆಯ ಗುಡಿ ಕೋಟೆ ಆದರೆ ಪುರಾತತ್ವ ಇಲಾಖೆ ಒಪ್ಪಬೇಕು. ಡ್ರೋನನ್ನು ಹೊರದೇಶದವರು ತಾವೇ ತಂದು ಹಾರಿಸುವಂತಿಲ್ಲ. ಇಲ್ಲಿ ನೋಂದಣಿಯಾದ ಡ್ರೋನು, ಪ್ರಮಾಣಪತ್ರ ಇರುವ ಇಲ್ಲಿನ ಪೈಲಟ್ಟು ಬೇಕು. ಸ್ಯಾಟಲೈಟ್ ಫೋನು ಅನುಮತಿ ಇಲ್ಲದೆ ಜೇಬಿನಲ್ಲಿ ಸಿಕ್ಕಿದರೆ ವಿಮಾನ ನಿಲ್ದಾಣದಲ್ಲೇ ಹಿಡಿದು ಕೂರಿಸುತ್ತಾರೆ. ಇದೆಲ್ಲವನ್ನೂ ದೆಹಲಿಯವರು ಅಚ್ಚುಕಟ್ಟಾಗಿ ಮಾಡಿದ್ದರು. ಸರ್ಕಾರದ ಕಡೆಯ ಒಂದು ಕಾಗದವೂ ತಪ್ಪಿರಲಿಲ್ಲ. ತಪ್ಪಿದ್ದು ನಾವು ಮಾಡಿಸಿದ ಒಂದೇ ಒಂದು ಕಾಗದದಲ್ಲಿ.

ತಂಡ ಬಂತು. ನಾಲ್ಕು ಜನ. ನಿರ್ದೇಶಕಿಗೆ ಐವತ್ತರ ಮೇಲೆ ವಯಸ್ಸು, ಒಳ್ಳೆಯ ಹೆಂಗಸು. ಮುದ್ದೆ ತಿನ್ನಲು ಕಲಿತರು. ನುಂಗಬೇಕು ಅಗಿಯಬಾರದು ಎಂದು ಹೇಳಿಕೊಟ್ಟರೂ ಅಗಿದೇ ತಿಂದರು. ಬೆಳಗ್ಗೆ ನಾಲ್ಕಕ್ಕೆ ಎದ್ದು ಟೊಮೆಟೊ ಮಂಡಿಗೆ ಹೋಗುವುದು, ಹತ್ತಕ್ಕೆ ಕೆರೆ, ಮಧ್ಯಾಹ್ನ ಯಾರದಾದರೂ ಮನೆ, ಸಂಜೆ ಬೆಳಕಿಗೆ ಮತ್ತೆ ಹೊಲ, ರಾತ್ರಿ ಹನ್ನೊಂದರ ತನಕ ಆ ದಿನದ ಮಾತುಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆದುಕೊಡುವುದು. ಒಂಬತ್ತು ದಿನ ಹೀಗೆ ನಡೆಯಿತು.

ಐದನೇ ದಿನ ನಿರ್ದೇಶಕಿ ಕೇಳಿದರು: "ಬೋರ್‌ವೆಲ್‌ನಿಂದ ಸಾಲವಾದ ಮನೆಯ ಹೆಂಗಸು ಯಾರಾದರೂ ಮಾತಾಡುತ್ತಾರಾ? ಗಂಡಸರೇ ಮಾತಾಡುತ್ತಿದ್ದಾರೆ."

ನ್ಯಾಯವಾದ ಮಾತು. ನಮಗೆ ಒಬ್ಬರು ನೆನಪಾದರು. ನಮ್ಮಲ್ಲೊಬ್ಬಳ ಅಜ್ಜಿಯ ಊರಿನವರು. ಊರಿನ ಹೆಸರು ಬರೆಯುವುದಿಲ್ಲ. ಗಂಡ ನಾಲ್ಕು ಬೋರು ಕೊರೆಸಿ, ಮೂರು ಒಣಗಿ, ಒಂದರಲ್ಲಿ ಆರು ತಿಂಗಳು ನೀರು ಬಂದು ನಿಂತು, ಕೊನೆಗೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಆಗಿದ್ದರು. ಇವರು ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ, ಸುಗ್ಗಿಯಲ್ಲಿ ಟೊಮೆಟೊ ಬಿಡಿಸಲು ಕೂಲಿಗೆ ಹೋಗಿ ಮನೆ ನಡೆಸುತ್ತಿದ್ದರು.

ನಾವು ಹೋಗಿ ಕೇಳಿದೆವು. "ಅಯ್ಯೋ, ನಂದೇನ್ ಕತೆ ಬಿಡಮ್ಮಾ" ಎಂದರು. "ಅಕ್ಕಾ, ಸುಮ್ನೆ ಮಾತಾಡಿ, ನಾವಿರ್ತೀವಲ್ಲ" ಎಂದೆವು. "ನಿಮ್ಮಜ್ಜಿ ಏನಂತಾರೆ?" ಎಂದು ಕೇಳಿದರು. ಅಜ್ಜಿಗೆ ಫೋನ್ ಹಚ್ಚಿಕೊಟ್ಟೆವು. ಅಜ್ಜಿ "ಮಾತಾಡೇ, ನಮ್ಮ ಹುಡುಗಿಗೆ ಒಳ್ಳೇದಾಗುತ್ತೆ" ಎಂದರು. ಆಯಮ್ಮ ಒಪ್ಪಿದರು.

ಮಾರನೆಯ ದಿನ ಕಾಲರಿಗೆ ಮೈಕ್ ಸಿಕ್ಕಿಸಿ, ಹಸುವಿನ ಕೊಟ್ಟಿಗೆ ಮುಂದೆ ಕೂರಿಸಿದರು. ಪ್ರಶ್ನೆ ಇಂಗ್ಲಿಷಿನಲ್ಲಿ ಬರುತ್ತಿತ್ತು, ನಾವು ಅವರ ಮನೆಮಾತಿನಲ್ಲಿ ಕೇಳುತ್ತಿದ್ದೆವು. ಕ್ಯಾಮೆರಾ ಕಡೆ ಒಂದು ಸಲವೂ ಅವರು ನೋಡಲಿಲ್ಲ. ನಮ್ಮನ್ನೇ ನೋಡಿಕೊಂಡು ಮಾತಾಡಿದರು. ಯಾವ ಬೋರಿಗೆ ಎಷ್ಟು, ಪಾಯಿಂಟ್ ನೋಡಿದವರಿಗೆ ಎಷ್ಟು, ಕೇಸಿಂಗ್ ಪೈಪಿಗೆ ಎಷ್ಟು, ಯಾರ ಹತ್ತಿರ ಕೈಸಾಲ, ಸಂಘದ ಸಾಲ ಎಷ್ಟು, ಯಾವ ಒಡವೆ ಎಲ್ಲಿದೆ ಎಲ್ಲವನ್ನೂ ಹೇಳಿದರು. ಮನೆಗೆ ಬಂದ ನೆಂಟರ ಹುಡುಗಿಗೆ ಹೇಳಿಕೊಂಡ ಹಾಗೆ ಹೇಳಿಕೊಂಡರು. ನಡುವೆ ಒಮ್ಮೆ ಅತ್ತರು. ಕ್ಯಾಮೆರಾಮನ್ ಹತ್ತಿರ ಬಂದ. ನಾವು ಸುಮ್ಮನೆ ಕೂತಿದ್ದೆವು.

ಮುಗಿದ ಮೇಲೆ ಬೆಂಗಳೂರಿನವರು ಫಾರಂ ಕೊಟ್ಟರು. ಇದಕ್ಕೆ ರಿಲೀಸ್ ಫಾರಂ ಅಂತಾರೆ. ಇಂಗ್ಲಿಷಿನಲ್ಲಿ ನಾಲ್ಕು ಪುಟ. ಅದರಲ್ಲಿ ಬರೆದಿದ್ದನ್ನು ಈಗ ಕನ್ನಡದಲ್ಲಿ ಹೇಳುವುದಾದರೆ: ನನ್ನ ಮಾತು, ಮುಖ, ದನಿಯನ್ನು ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ, ಇಡೀ ವಿಶ್ವದಲ್ಲಿ, ಎಂದೆಂದಿಗೂ, ಹೇಗೆ ಬೇಕಾದರೂ ಕತ್ತರಿಸಿ ಜೋಡಿಸಿ ಬಳಸಬಹುದು, ಅದಕ್ಕೆ ನಾನು ದುಡ್ಡನ್ನೂ ಕೇಳುವುದಿಲ್ಲ, ತಕರಾರನ್ನೂ ಮಾಡುವುದಿಲ್ಲ.

ಕತ್ತಲಾಗುತ್ತಿತ್ತು. ಹಾಲು ಕರೆಯುವ ಹೊತ್ತು, ಡೈರಿ ಮುಚ್ಚುವ ಹೊತ್ತು. "ಅಕ್ಕಾ, ಏನಿಲ್ಲ, ಟೀವೀಲಿ ಬರುತ್ತಲ್ಲ, ಅದಕ್ಕೊಂದು ಸೈನು" ಎಂದೆವು. ಆಯಮ್ಮ ಓದಲಿಲ್ಲ, ಓದಿ ಹೇಳಿ ಎಂದೂ ಕೇಳಲಿಲ್ಲ. ನಾವು ಬೆರಳಿಟ್ಟು ತೋರಿಸಿದ ಜಾಗದಲ್ಲಿ ನಿಧಾನಕ್ಕೆ ಹೆಸರು ಬರೆದರು. ಫಾರಮ್ಮಿನ ಇನ್ನೊಂದು ಪ್ರತಿ ಅವರ ಕೈಗೆ ಕೊಡಬೇಕಿತ್ತು. ಕೊಡಲಿಲ್ಲ.

ಆ ದಿನ ಅವರ ಕೂಲಿ ತಪ್ಪಿತ್ತು. ಸಂದರ್ಶನಕ್ಕೆ ದುಡ್ಡು ಕೊಡಬಾರದು, ಕೊಟ್ಟರೆ ಜನ ದುಡ್ಡಿಗೆ ತಕ್ಕ ಹಾಗೆ ಮಾತಾಡುತ್ತಾರೆ ಎಂದು ನಮಗೆ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ನಿರ್ದೇಶಕಿಯೂ ಅದನ್ನೇ ಹೇಳಿದರು. ನಿಯಮ ಸರಿಯೇ. ಆದರೆ ಆ ಕೊಟ್ಟಿಗೆ ಮುಂದೆ ನಿಂತಿದ್ದವರಲ್ಲಿ ಡ್ರೈವರ್ ಸೇರಿ ಎಲ್ಲರಿಗೂ ಆ ದಿನದ ಸಂಬಳ ಇತ್ತು. ಇಲ್ಲದವರು ಆಯಮ್ಮ ಒಬ್ಬರೇ.

ಎಂಟು ತಿಂಗಳಾದ ಮೇಲೆ ಒಂದು ಭಾನುವಾರ ಅವರು ಫೋನ್ ಮಾಡಿದರು. ಮೊದಲು ಅಜ್ಜಿಯ ಆರೋಗ್ಯ ಕೇಳಿದರು. ಆಮೇಲೆ ವಿಷಯಕ್ಕೆ ಬಂದರು. ಸಾಕ್ಷ್ಯಚಿತ್ರದ ಪ್ರಚಾರಕ್ಕೆಂದು ಎರಡು ನಿಮಿಷದ ತುಣುಕೊಂದನ್ನು ಇಂಟರ್ನೆಟ್ಟಿಗೆ ಬಿಟ್ಟಿದ್ದರು. ಅದರಲ್ಲಿ ಇವರು ಅಳುವುದು, ಸಾಲದ ಮೊತ್ತ ಹೇಳುವುದು ಎರಡೂ ಇತ್ತು. ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ. ಬೆಂಗಳೂರಿನಲ್ಲಿ ಯಾರೋ ನೋಡಿ, ಯಾರಿಗೋ ಕಳಿಸಿ, ಅದು ವಾಟ್ಸಾಪಿನಲ್ಲಿ ಸುತ್ತಿ ಸುತ್ತಿ ಮಗಳನ್ನು ಕೇಳಲು ಬಂದಿದ್ದ ಗಂಡಿನ ಮನೆಗೆ ತಲುಪಿತ್ತು. ಗಂಡಿನ ಕಡೆಯವರು ಕೇಳಿದ್ದರು: "ಇಷ್ಟು ಸಾಲ ಇದೆ ಅಂತ ನಮಗೆ ಯಾಕೆ ಹೇಳಲಿಲ್ಲ?"

ನಾವು ತಡವರಿಸಿದೆವು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆ ದೊರೆಸಾನಿ ಕೇಳಿದ್ರೆ ನಾನು ಹೇಳ್ತಿರಲಿಲ್ಲಮ್ಮ. ನೀವು ಕೇಳಿದ್ರಿ ಅಂತ ಹೇಳ್ದೆ" ಎಂದು ಫೋನ್ ಇಟ್ಟರು.

ಅವತ್ತು ರಾತ್ರಿ ನಾವು ಮೂವರೂ ಒಂದೆಡೆ ಕೂತೆವು. ಮೊದಲು ಒಬ್ಬರ ಮೇಲೊಬ್ಬರು ಹಾಕಿಕೊಂಡೆವು. ಆಮೇಲೆ ಬೆಂಗಳೂರಿನವರ ಮೇಲೆ, ದೆಹಲಿಯವರ ಮೇಲೆ. ಬೆಂಗಳೂರಿನವರಿಗೆ ಫೋನ್ ಮಾಡಿದರೆ "ಫಾರಂ ಸೈನ್ ಆಗಿದೆಯಲ್ಲ, ಇನ್ನೇನು?" ಎಂದರು. ಆ ಸೈನು ಹೇಗಾಯಿತು ಎಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ನಮ್ಮನ್ನು ಯಾಕೆ ಕೆಲಸಕ್ಕೆ ತೆಗೆದುಕೊಂಡರು ಎಂದು ಆವತ್ತು ಸರಿಯಾಗಿ ಯೋಚಿಸಿದೆವು. ದಾರಿ ತೋರಿಸಲು ಫೋನಿನಲ್ಲಿ ಮ್ಯಾಪ್ ಇದೆ. ಕಾರು ಲಾಡ್ಜನ್ನು ಬೆಂಗಳೂರಿನಿಂದಲೇ ಬುಕ್ ಮಾಡಬಹುದು. ಭಾಷೆ ಬಲ್ಲವರೂ ಪೇಟೆಯಲ್ಲಿ ಸಿಗುತ್ತಾರೆ. ಅವರಿಗೆ ಬೇಕಾಗಿದ್ದದ್ದು ನಮ್ಮಜ್ಜಿಯ ಹೆಸರು ಹೇಳಿದರೆ ತೆರೆಯುವ ಬಾಗಿಲು. ದಿನಕ್ಕೆ ಆರು ಸಾವಿರಕ್ಕೆ ನಾವು ಬಾಡಿಗೆಗೆ ಕೊಟ್ಟಿದ್ದು ಅದನ್ನು. ಅದು ನಮ್ಮದಾಗಿರಲಿಲ್ಲ. ಅಜ್ಜಿ ಅರವತ್ತು ವರ್ಷ ಆ ಊರಿನ ಬಾಣಂತನ, ಸಾವು, ಮದುವೆಗಳಲ್ಲಿ ನಿಂತು ಗಳಿಸಿದ್ದು.

ಧೈರ್ಯ ಮಾಡಿ ನಿರ್ದೇಶಕಿಗೆ ನೇರವಾಗಿ ಬರೆದೆವು. ಹಾಗೆ ನೇರ ಬರೆಯಬಾರದು ಎಂದು ದೆಹಲಿಯವರು ಮೊದಲೇ ಹೇಳಿದ್ದರು. ನಾವು ಫಾರಮ್ಮನ್ನು ಓದಿ ಹೇಳಲಿಲ್ಲ, ತಪ್ಪು ನಮ್ಮದು, ಆದರೆ ಆಯಮ್ಮ ಒಪ್ಪಿದ್ದು ಇದಕ್ಕಲ್ಲ ಎಂದು ಬರೆದೆವು. ಎರಡು ದಿನಕ್ಕೆ ಉತ್ತರ ಬಂತು. ತುಣುಕನ್ನು ತೆಗೆಸಿದರು. ಪೂರ್ತಿ ಚಿತ್ರದಲ್ಲಿ ಮೊತ್ತ ಹೇಳುವ ಭಾಗವನ್ನೂ ಅಳುವ ಭಾಗವನ್ನೂ ಕತ್ತರಿಸಿದರು. "ನೀವು ಅವತ್ತೇ ನನ್ನನ್ನು ತಡೆದಿದ್ದರೆ ನಾನು ನಿಲ್ಲಿಸುತ್ತಿದ್ದೆ" ಎಂದೂ ಬರೆದಿದ್ದರು. ಆ ಸಾಲನ್ನು ಓದಿ ಮೊದಲು ಸಿಟ್ಟು ಬಂತು. ಆಮೇಲೆ ಅದು ನಿಜ ಅನ್ನಿಸಿತು. ತಡೆಯುವುದೂ ನಮ್ಮ ಕೆಲಸ ಎಂದು ನಮಗೆ ಯಾರೂ ಹೇಳಿರಲಿಲ್ಲ, ನಾವೂ ಅಂದುಕೊಂಡಿರಲಿಲ್ಲ. ವಾಟ್ಸಾಪಿಗೆ ಹೋದದ್ದು ಮಾತ್ರ ವಾಪಸ್ ಬರಲಿಲ್ಲ.

ಮದುವೆ ಮುರಿಯಲಿಲ್ಲ. ನಾಲ್ಕು ತಿಂಗಳು ತಡವಾಗಿ ಅದೇ ಗಂಡಿನ ಜೊತೆ ಆಯಿತು. ಹುಡುಗನೇ ಹಟ ಹಿಡಿದನಂತೆ. ಆಯಮ್ಮ ನಮಗೂ ಪತ್ರಿಕೆ ಕೊಟ್ಟರು. ಕೊಡುವಾಗ, "ಮೂರೂ ಜನ ಬರ್ಬೇಕು. ಕ್ಯಾಮೆರಾ ತರ್ಬೇಡಿ" ಎಂದರು. ಹೋಗಿದ್ದೆವು. ಫೋನುಗಳನ್ನು ಜೇಬಿನಿಂದ ತೆಗೆಯದೆ ಊಟ ಮಾಡಿ ಬಂದೆವು.

ಅದಾದ ಮೇಲೂ ನಾವು ಈ ಕೆಲಸ ಬಿಟ್ಟಿಲ್ಲ. ಎರಡು ತಂಡಗಳ ಜೊತೆ ಮಾಡಿದ್ದೇವೆ. ಹಳ್ಳಿಯ ಸಂಗತಿ ಹೊರಗಿನವರಿಗೆ ತಿಳಿಯಬೇಕಾದರೆ ನಡುವೆ ಯಾರಾದರೂ ಇರಲೇಬೇಕು, ಅದು ಹಳ್ಳಿಯವರೇ ಆಗಿದ್ದರೆ ಒಳ್ಳೆಯದು ಎಂದು ಈಗಲೂ ನಂಬಿದ್ದೇವೆ. ಆದರೆ ಕೆಲವನ್ನು ಬದಲಿಸಿದ್ದೇವೆ.

ನಿಮ್ಮೂರಿಗೆ ಇಂಥ ತಂಡ ಬಂದರೆ ಇಷ್ಟನ್ನು ಕೇಳಿ:

1. ಇದು ಎಲ್ಲೆಲ್ಲಿ ಬರುತ್ತದೆ? ಟೀವಿಯಲ್ಲಿ ಮಾತ್ರವೋ, ಫೋನಿಗೂ ಬರುತ್ತದೋ? ಹೊರದೇಶದ ಚಿತ್ರ ನಮ್ಮೂರಿನವರಿಗೆ ಕಾಣುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

2. ಫಾರಮ್ಮಿನಲ್ಲಿ ಏನಿದೆ ಎಂದು ನಿಮ್ಮ ಭಾಷೆಯಲ್ಲಿ ಪೂರ್ತಿ ಓದಿಸಿ. ಓದುವ ತನಕ ಸೈನು ಬೇಡ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

3. ಅವತ್ತೇ ಸೈನು ಮಾಡಬೇಕೆಂದಿಲ್ಲ. ಒಂದು ರಾತ್ರಿ ಮನೆಯವರ ಜೊತೆ ಮಾತಾಡಿ. ಬೇಡ ಎನ್ನಿಸಿದರೆ ಬೇಡ ಅನ್ನಿ. ಕರೆದುಕೊಂಡು ಬಂದ ಹುಡುಗರಿಗೆ ಬೇಜಾರಾಗುತ್ತೆ ಎಂದು ಒಪ್ಪಿಕೊಳ್ಳಬೇಡಿ.

4. ಮುಖ ಕಾಣದ ಹಾಗೆ, ಹೆಸರು ಹೇಳದ ಹಾಗೆಯೂ ಚಿತ್ರ ತೆಗೆಯಬಹುದು. ಕೇಳಿದರೆ ಮಾಡುತ್ತಾರೆ.

5. ಮಾತಿಗೆ ದುಡ್ಡು ಕೊಡುವುದಿಲ್ಲ ಎಂದರೆ ಅದಕ್ಕೊಂದು ಕಾರಣ ಇದೆ. ಆದರೆ ತಪ್ಪಿದ ಕೂಲಿಯನ್ನು, ನಿಮ್ಮ ಮನೆ ಹೊಲ ಬಳಸಿದ್ದಕ್ಕೆ ಬಾಡಿಗೆಯನ್ನು ಕೇಳುವುದು ತಪ್ಪಲ್ಲ.

6. ಮುಗಿದ ಚಿತ್ರವನ್ನು ತೋರಿಸುತ್ತೀರಾ ಎಂದು ಕೇಳಿ, ಯಾರಿಗೆ ಫೋನ್ ಮಾಡಬೇಕು ಎಂದು ಬರೆಸಿಕೊಳ್ಳಿ.

ನಮ್ಮಂತೆ ಈ ಕೆಲಸಕ್ಕೆ ಹೋಗುವ ತಮ್ಮ ತಂಗಿಯರಿಗೂ ಎರಡು ಮಾತು. "ಓಕೆ ಸರ್" ಸಾಲದು. ದಿನಕ್ಕೆ ಎಷ್ಟು ಗಂಟೆ, ಎಷ್ಟು ಹಣ, ಅರ್ಧ ಮುಂಗಡ, ಶೂಟಿಂಗ್ ರದ್ದಾದರೆ ಎಷ್ಟು, ರಾತ್ರಿ ಕೂತು ಮಾಡುವ ಅನುವಾದಕ್ಕೆ ಬೇರೆ ಎಷ್ಟು, ಚಿತ್ರದ ಕೊನೆಯಲ್ಲಿ ನಿಮ್ಮ ಹೆಸರು ಬರುತ್ತದೆಯೇ ಎಂಬುದನ್ನೆಲ್ಲ ಬರೆಸಿಕೊಳ್ಳಿ. ನಮ್ಮ ಹೆಸರು ಆ ಚಿತ್ರದಲ್ಲಿ ಬರಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, "ಒಪ್ಪಿಗೆಯನ್ನು ನಾವು ಕನ್ನಡದಲ್ಲಿ ಓದಿ ಹೇಳುತ್ತೇವೆ, ಅವರು ಬೇಡ ಎಂದರೆ ಅಲ್ಲಿಗೆ ಮುಗಿಯಿತು" ಎಂದು ಮೊದಲ ಫೋನಿನಲ್ಲೇ ಹೇಳಿ. ಹೋದ ತಿಂಗಳು ಹೀಗೆ ಹೇಳಿದ್ದಕ್ಕೆ ಒಂದು ಕೆಲಸ ನಮ್ಮ ಕೈತಪ್ಪಿತು. ಅದು ನಮ್ಮ ಕಾಲೇಜಿನ ಜೂನಿಯರ್ ಒಬ್ಬನಿಗೆ ಹೋಯಿತು. ಅವನಿಗೆ ನಮ್ಮ ಕನ್ನಡ ಒಪ್ಪಿಗೆ ಹಾಳೆಯನ್ನು ಕಳಿಸಿದೆವು. ಬಳಸಿದೆ ಅಣ್ಣಾ, ಇಬ್ಬರು ಬೇಡ ಅಂದರು ಎಂದು ಮೆಸೇಜು ಮಾಡಿದ.

ಒಂದೇ ಪುಟದ ಹಾಳೆ ಅದು, ದೊಡ್ಡ ಅಕ್ಷರದಲ್ಲಿದೆ. ತೆಲುಗಿನಲ್ಲೂ ಮಾಡಿದ್ದೇವೆ. ಬೇಕಾದವರು ಕೇಳಿ, ವಾಟ್ಸಾಪಿನಲ್ಲಿ ಕಳಿಸುತ್ತೇವೆ.

ಇದನ್ನು ಹಾಕುವ ಮೊದಲು ಆಯಮ್ಮನ ಮನೆಗೆ ಹೋಗಿ, ಕೊಟ್ಟಿಗೆ ಮುಂದೆ ಅದೇ ಜಾಗದಲ್ಲಿ ಕೂತು, ಪೂರ್ತಿ ಓದಿ ಹೇಳಿದೆವು. ಎರಡು ಕಡೆ ತೆಗೆಯಿರಿ ಎಂದರು. ತೆಗೆದಿದ್ದೇವೆ.